ಎರಡು ಸ್ಟೇಟ್ ಮಷಿನ್‌ಗಳು ಮಾತಾಡುವಾಗ ಉಳಿತಾಯ ಎಲ್ಲಿದೆ?

ಪ್ರಶ್ನೆ: ನನ್ನ ಡಿಜಿಟಲ್ ಸರ್ಕ್ಯೂಟ್ ಡಿಸೈನ್‌ನಲ್ಲಿ ಎರಡು ಸ್ಟೇಟ್ ಮಷಿನ್‌ಗಳಿವೆ (ಕ್ಲಾಕ್‌ನ ಪ್ರತಿ ಬಡಿತಕ್ಕೆ ಒಂದು ಸ್ಟೇಟ್‌ನಿಂದ ಇನ್ನೊಂದಕ್ಕೆ ಹೋಗುವ ಸರ್ಕ್ಯೂಟ್‌ಗಳು). ಒಂದು ಬೈಟ್‌ಗಳನ್ನು ಕಳಿಸುತ್ತದೆ. ಇನ್ನೊಂದು ಎರಡೆರಡು ಬೈಟ್ ಸೇರಿಸಿ 16 ಬಿಟ್‌ನ ವರ್ಡ್ ಮಾಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಮಿನಿಮೈಸ್ ಮಾಡಿ ನೋಡಿದೆ. ಒಂದು ಸ್ಟೇಟ್ ಕೂಡ ಕಡಿಮೆ ಆಗಲಿಲ್ಲ. ಆದರೂ ಪಡೆಯುವ ಕಡೆಯ ಮಷಿನ್ ಬೇಕಾದ್ದಕ್ಕಿಂತ ದೊಡ್ಡದಾಗಿದೆ ಅನ್ನಿಸುತ್ತಿದೆ. ಎರಡನ್ನೂ ಸೇರಿಸಿ ಒಂದೇ ದೊಡ್ಡ ಮಷಿನ್ ಮಾಡಿಬಿಡು ಅಂತ ಜೊತೆಯವರು ಹೇಳುತ್ತಾರೆ. ಅದು ಸರಿಯೇ? ಇನ್ನೊಂದು ತೊಂದರೆ: ಒಂದರಿಂದ ಹೊರಟು ಇನ್ನೊಂದರ ಮೂಲಕ ಹಾದು ವಾಪಸ್ ಬರುವ ದಾರಿ ಉದ್ದವಾಗಿ, ಕ್ಲಾಕ್ ವೇಗ ಮುಟ್ಟಲು ಆಗುತ್ತಿಲ್ಲ.

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಜೊತೆಯವರ ಸಲಹೆ ನಿಮ್ಮ ವಿಷಯದಲ್ಲಿ ಬೇಡ. ಯಾಕೆ ಬೇಡ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ಮೊದಲು 'ಮಿನಿಮಮ್' ಅನ್ನುವ ಮಾತನ್ನು ಬಿಡಿಸಿಕೊಳ್ಳಬೇಕು. ಒಂದು ಮಷಿನ್ ಅನ್ನು ಒಂಟಿಯಾಗಿ ಮಿನಿಮೈಸ್ ಮಾಡುವಾಗ ನಾವು ಕೇಳುವ ಪ್ರಶ್ನೆ ಇಷ್ಟೇ: ಎರಡು ಸ್ಟೇಟ್‌ಗಳನ್ನು ಬೇರೆ ಮಾಡಿ ತೋರಿಸುವಂಥ ಇನ್‌ಪುಟ್ ಸಾಲು (ಒಂದರ ಹಿಂದೆ ಒಂದು ಬರುವ ಇನ್‌ಪುಟ್‌ಗಳು) ಯಾವುದಾದರೂ ಇದೆಯೇ? ಇದ್ದರೆ ಅವನ್ನು ಕೂಡಿಸುವ ಹಾಗಿಲ್ಲ. ಇಲ್ಲದಿದ್ದರೆ ಕೂಡಿಸಬಹುದು. ಎಡ್ವರ್ಡ್ ಮೂರ್ ಎಂಬ ಗಣಿತಜ್ಞ 1956ರಲ್ಲಿ ಹೇಳಿದ್ದು ಇದನ್ನೇ. 1971ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಹಾಪ್‌ಕ್ರಾಫ್ಟ್ ಇದನ್ನು ಬಹಳ ಬೇಗ ಮಾಡುವ ದಾರಿ ಕೊಟ್ಟರು. ಈ ಕೆಲಸ ಡಿಸೈನ್ ಮಾಡುವ ಸಾಫ್ಟ್‌ವೇರ್ ಟೂಲ್‌ಗೆ ಸುಲಭ. ಆದರೆ ಆ ಪ್ರಶ್ನೆಯಲ್ಲಿ 'ಯಾವುದಾದರೂ' ಅನ್ನುವ ಪದ ನೋಡಿ. ಜಗತ್ತಿನಲ್ಲಿ ಯಾವ ಇನ್‌ಪುಟ್ ಸಾಲು ಬೇಕಾದರೂ ಬರಬಹುದು ಎಂದು ಟೂಲ್ ನಂಬಿಕೊಂಡಿದೆ. ನಿಮ್ಮ ಪಡೆಯುವ ಮಷಿನ್‌ಗೆ ಹಾಗೆ ಯಾರೂ ಬಾಯಿಗೆ ಬಂದ ಹಾಗೆ ಮಾತಾಡುವುದಿಲ್ಲ. ಅದರ ಜೊತೆ ಮಾತಾಡುವುದು ಒಂದೇ ಒಂದು ಮಷಿನ್. ಆ ಮಷಿನ್‌ಗೆ ತನ್ನದೇ ಕಟ್ಟುಪಾಡು ಇದೆ. ಕೆಲವು ಸಾಲುಗಳನ್ನು ಅದು ಯಾವತ್ತೂ ಹೇಳುವುದಿಲ್ಲ. ಹೇಳದೇ ಇರುವ ಮಾತಿಗೆ ಉತ್ತರ ತಯಾರು ಮಾಡಿ ಇಟ್ಟುಕೊಳ್ಳಲು ಫ್ಲಿಪ್-ಫ್ಲಾಪ್ (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್) ಖರ್ಚು ಮಾಡುವುದು ಯಾಕೆ? ಉಳಿತಾಯ ಇರುವುದು ಇಲ್ಲಿ. ಯಾವ ಮಷಿನ್‌ನ ಒಳಗೂ ಅಲ್ಲ, ಎರಡರ ನಡುವಿನ ಮಾತಿನಲ್ಲಿ.

ಈಗ ನಿಮ್ಮದೇ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೆಸರುಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ.

ಕಳಿಸುವ ಮಷಿನ್‌ಗೆ ಮೂರು ಸ್ಟೇಟ್: ವಿರಾಮ, ಕಳಿಸು, ತಡೆ. 'ಕಳಿಸು' ಸ್ಟೇಟ್‌ನಲ್ಲಿ ಇರುವಾಗ ಮಾತ್ರ ವ್ಯಾಲಿಡ್ ತಂತಿ ('ಈಗ ಬೈಟ್ ಇದೆ' ಅನ್ನುವ ಸೂಚನೆ) 1. ಉಳಿದ ಎರಡರಲ್ಲೂ 0. 'ಕಳಿಸು' ಆದ ಮೇಲೆ ಯಾವಾಗಲೂ ಒಂದು ಕ್ಲಾಕ್ 'ತಡೆ'. ಅದಾದ ಮೇಲೆ ವಿರಾಮಕ್ಕೆ ಹೋಗಬಹುದು, ಅಥವಾ ಇನ್ನೊಂದು ಬೈಟ್ ಸಿದ್ಧವಿದ್ದರೆ ನೇರ 'ಕಳಿಸು'ವಿಗೆ ಹೋಗಬಹುದು.

ಪಡೆಯುವ ಮಷಿನ್‌ಗೆ ಐದು ಸ್ಟೇಟ್. 'ಖಾಲಿ' ಅಂದರೆ ಕೈಯಲ್ಲಿ ಬೈಟ್ ಇಲ್ಲ. ವ್ಯಾಲಿಡ್ ಬಂದರೆ 'ಮೊದಲ್ದು ಬಂತು' ಸ್ಟೇಟ್‌ಗೆ ಹೋಗುತ್ತದೆ. ಅಲ್ಲಿ ವ್ಯಾಲಿಡ್ 0 ಆದರೆ 'ಅರ್ಧ'ಕ್ಕೆ ಹೋಗಿ ಎರಡನೆಯ ಬೈಟ್‌ಗಾಗಿ ಅಲ್ಲೇ ಕಾಯುತ್ತದೆ. 'ಅರ್ಧ'ದಲ್ಲಿ ವ್ಯಾಲಿಡ್ ಬಂದರೆ ಅದೇ ಕ್ಲಾಕ್‌ನಲ್ಲಿ 'ಜೋಡಿ' ಔಟ್‌ಪುಟ್ 1 ಮಾಡಿ 'ಎರಡನೇದು ಬಂತು' ಸ್ಟೇಟ್‌ಗೆ ಹೋಗುತ್ತದೆ. ಅಲ್ಲಿಂದ ವ್ಯಾಲಿಡ್ 0 ಆದರೆ ಮತ್ತೆ 'ಖಾಲಿ'. ಐದನೆಯದು 'ತಪ್ಪು'. ಈಗಷ್ಟೇ ಒಂದು ಬೈಟ್ ಬಂದ ಎರಡು ಸ್ಟೇಟ್‌ಗಳಲ್ಲಿ ಯಾವುದರಲ್ಲೇ ಆಗಲಿ, ಬೆನ್ನಿಗೇ ಇನ್ನೊಂದು ವ್ಯಾಲಿಡ್ ಬಂದರೆ 'ಎರರ್' ಔಟ್‌ಪುಟ್ 1 ಮಾಡಿ ಇಲ್ಲಿಗೆ ಬರುತ್ತದೆ. ರೀಸೆಟ್ ಆಗುವವರೆಗೂ ಎರರ್ ಎತ್ತಿಕೊಂಡು ಇಲ್ಲೇ ಕೂರುತ್ತದೆ.

ಐದು ಸ್ಟೇಟ್ ಅಂದರೆ ಬೈನರಿ ಕೋಡ್‌ನಲ್ಲಿ ಮೂರು ಫ್ಲಿಪ್-ಫ್ಲಾಪ್. ಒಂಟಿಯಾಗಿ ನೋಡಿದರೆ ಇದು ನಿಜವಾಗಿಯೂ ಮಿನಿಮಮ್. 'ಖಾಲಿ'ಗೂ 'ಎರಡನೇದು ಬಂತು'ವಿಗೂ ವ್ಯತ್ಯಾಸ ಬೇಕೇ? ವ್ಯಾಲಿಡ್ 1 ಕೊಟ್ಟು ನೋಡಿ. ಒಂದು ಸುಮ್ಮನೆ ಮುಂದೆ ಹೋಗುತ್ತದೆ, ಇನ್ನೊಂದು ಎರರ್ ಎತ್ತುತ್ತದೆ. ಹೀಗೆ ಯಾವ ಎರಡನ್ನು ತೆಗೆದುಕೊಂಡರೂ ಬೇರೆ ಮಾಡುವ ಸಾಲು ಸಿಗುತ್ತದೆ. ಟೂಲ್ ಸುಳ್ಳು ಹೇಳಿಲ್ಲ.

ಆದರೆ ಕಳಿಸುವ ಕಡೆಯನ್ನು ಮತ್ತೆ ನೋಡಿ. 'ಕಳಿಸು' ಆದ ಮೇಲೆ ತಪ್ಪದೇ 'ತಡೆ'. ಅಂದರೆ ವ್ಯಾಲಿಡ್ ತಂತಿಯ ಮೇಲೆ ಬೆನ್ನು ಬೆನ್ನಿಗೆ ಎರಡು 1 ಬರುವುದೇ ಇಲ್ಲ. ಹಾಗಾಗಿ 'ಮೊದಲ್ದು ಬಂತು' ಸ್ಟೇಟ್‌ನಲ್ಲಿ ವ್ಯಾಲಿಡ್ 1 ಅನ್ನುವುದು ಡೋಂಟ್ ಕೇರ್, ಅಂದರೆ ಅಲ್ಲಿ ಮಷಿನ್ ಏನು ಮಾಡಿದರೂ ನಡೆಯುತ್ತದೆ. 'ಎರಡನೇದು ಬಂತು' ಸ್ಟೇಟ್‌ನಲ್ಲೂ ಹಾಗೇ. 'ತಪ್ಪು' ಸ್ಟೇಟ್‌ಗೆ ಹೋಗುವ ದಾರಿಯೇ ಇಲ್ಲ, ಅದನ್ನು ತೆಗೆದುಬಿಡಿ. ಉಳಿದದ್ದು ನಾಲ್ಕು. ಈಗ 'ಮೊದಲ್ದು ಬಂತು' ಮತ್ತು 'ಅರ್ಧ' ಎರಡನ್ನೂ ಪಕ್ಕದಲ್ಲಿ ಇಡಿ. ವ್ಯಾಲಿಡ್ 0 ಆದರೆ ಎರಡೂ 'ಅರ್ಧ'ಕ್ಕೇ ಹೋಗುತ್ತವೆ. ವ್ಯಾಲಿಡ್ 1 ಆದರೆ ಒಂದಕ್ಕೆ ಡೋಂಟ್ ಕೇರ್, ಇನ್ನೊಂದು ಹೇಳಿದ ಹಾಗೆ ಮಾಡಿದರಾಯಿತು. ಜಗಳವೇ ಇಲ್ಲ, ಕೂಡಿಸಿ. 'ಎರಡನೇದು ಬಂತು' ಮತ್ತು 'ಖಾಲಿ' ಕೂಡ ಇದೇ ರೀತಿ ಕೂಡುತ್ತವೆ.

ಕೊನೆಗೆ ಉಳಿಯುವುದು ಎರಡೇ ಸ್ಟೇಟ್. ಕೈಯಲ್ಲಿ ಒಂದು ಬೈಟ್ ಇದೆ, ಅಥವಾ ಇಲ್ಲ. ವ್ಯಾಲಿಡ್ ಬಂದಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ತಿರುಗುತ್ತದೆ. ಇದ್ದ ಕಡೆಯಿಂದ ಇಲ್ಲದ ಕಡೆಗೆ ತಿರುಗುವಾಗ 'ಜೋಡಿ' 1. ಮೂರು ಫ್ಲಿಪ್-ಫ್ಲಾಪ್ ಇದ್ದ ಜಾಗದಲ್ಲಿ ಒಂದು, ಅದೂ ಬರೀ ಟಾಗಲ್. ಎರರ್ ಔಟ್‌ಪುಟ್ ಶಾಶ್ವತವಾಗಿ 0. ನಿಮಗೆ ದೊಡ್ಡದಾಗಿದೆ ಅನ್ನಿಸಿದ್ದು ಸುಮ್ಮನೆ ಅಲ್ಲ, ನೋಡಿದಿರಲ್ಲ?

ಈ ದಾರಿಯನ್ನು ಒಂದು ಪದ್ಧತಿಯಾಗಿ ಕೊಟ್ಟವರು ಕಿಮ್ ಮತ್ತು ನ್ಯೂಬಾರ್ನ್, 1972ರಲ್ಲಿ. ಮುಂದೆ ಚಿಪ್ ಡಿಸೈನ್‌ನಲ್ಲಿ ಒಂದಕ್ಕೊಂದು ಜೋಡಿಸಿದ ಮಷಿನ್‌ಗಳಿಗೆ ಇದನ್ನು ಬೆಳೆಸಿದವರಲ್ಲಿ ಶ್ರೀನಿವಾಸ್ ದೇವದಾಸ್ ಒಬ್ಬರು.

ಇಲ್ಲಿ ಒಂದು ಸೂಕ್ಷ್ಮ ಇದೆ. ನನಗೆ ಅರ್ಥವಾಗಲು ತುಂಬಾ ದಿನ ಹಿಡಿದದ್ದು ಇದೇ. ನಮ್ಮ ಉದಾಹರಣೆಯಲ್ಲಿ ಪಡೆಯುವ ಮಷಿನ್ 'ಈಗಷ್ಟೇ 1 ಬಂತು' ಅನ್ನುವುದನ್ನು ತಾನೇ ನೆನಪಿಟ್ಟುಕೊಂಡಿತ್ತು. ಹಾಗಾಗಿ ಬಾರದ ಸಾಲನ್ನು ಒಂದು ಸ್ಟೇಟ್‌ನ ಡೋಂಟ್ ಕೇರ್ ಎಂದು ಬರೆಯಲು ಆಯಿತು. ಎಲ್ಲ ಮಷಿನ್‌ಗಳೂ ಹಾಗಿರುವುದಿಲ್ಲ. ಈಗ ಸಿಕ್ಕ ಎರಡು ಸ್ಟೇಟ್‌ನ ಮಷಿನ್ ಅನ್ನೇ ನೋಡಿ. ಅದರ ಯಾವ ಸ್ಟೇಟ್‌ನಲ್ಲೂ ವ್ಯಾಲಿಡ್ 1 ಬರುವುದಿಲ್ಲ ಎಂದು ಹೇಳಲು ಆಗುವುದಿಲ್ಲ. ಬರುತ್ತದೋ ಇಲ್ಲವೋ ಅನ್ನುವುದು ಹಿಂದಿನ ಕ್ಲಾಕ್‌ನಲ್ಲಿ ಏನಾಯಿತು ಅನ್ನುವುದರ ಮೇಲೆ ನಿಂತಿದೆ. ಅಂದರೆ ಡೋಂಟ್ ಕೇರ್ ಇರುವುದು ಒಂದು ಇನ್‌ಪುಟ್‌ಗೆ ಅಲ್ಲ, ಒಂದು ಸಾಲಿಗೆ. ಸಾಲನ್ನು ಸ್ಟೇಟ್ ಟೇಬಲ್‌ನ (ಯಾವ ಸ್ಟೇಟ್‌ನಲ್ಲಿ ಯಾವ ಇನ್‌ಪುಟ್ ಬಂದರೆ ಏನು ಮಾಡಬೇಕು ಅನ್ನುವ ಪಟ್ಟಿಯ) ಒಂದು ಮನೆಯಲ್ಲಿ ಬರೆಯಲು ಜಾಗ ಇಲ್ಲ.

ಹಾಗಾದರೆ ಏನು ಮಾಡುವುದು? ಮಷಿನ್ ಅನ್ನು ಮೊದಲು ಹಿಗ್ಗಿಸಬೇಕು, ಆಮೇಲೆ ಕುಗ್ಗಿಸಬೇಕು. ಕಳಿಸುವ ಮಷಿನ್‌ನ ಒಳಗಿನ ಇನ್‌ಪುಟ್‌ಗಳನ್ನು ಮರೆತುಬಿಡಿ. ಅದರ ಬಾಯಿಂದ ಬರಬಹುದಾದ ಸಾಲುಗಳನ್ನು ಮಾತ್ರ ಒಪ್ಪುವ ಒಂದು ಆಟೋಮೇಟನ್ (ಚಿಕ್ಕ ಸ್ಟೇಟ್ ಮಷಿನ್) ಮಾಡಿ. ನಮ್ಮ ಉದಾಹರಣೆಗೆ ಅದರಲ್ಲಿ ಎರಡೇ ಸ್ಟೇಟ್ ಸಾಕು: ಹಿಂದಿನದು 0, ಹಿಂದಿನದು 1. ಇದನ್ನು ಪಡೆಯುವ ಮಷಿನ್ ಜೊತೆ ಗುಣಿಸಿ, ಅಂದರೆ ಎರಡರ ಸ್ಟೇಟ್‌ಗಳನ್ನು ಜೋಡಿ ಜೋಡಿಯಾಗಿ ಹಿಡಿಯಿರಿ. ಒಂದೊಂದು ಸ್ಟೇಟ್ ಎರಡಾಗಿ ಒಡೆಯುತ್ತದೆ. ಒಡೆದ ಮೇಲೆ ಬಾರದ ಸಾಲುಗಳು ಮಾಮೂಲಿ ಡೋಂಟ್ ಕೇರ್ ಆಗಿ ಕಣ್ಣಿಗೆ ಕಾಣುತ್ತವೆ. ಆಮೇಲೆ ಕೂಡಿಸುತ್ತಾ ಬನ್ನಿ. ದೊಡ್ಡ ಮಷಿನ್‌ಗಳಲ್ಲಿ ಹೀಗೆ ಹಿಗ್ಗಿಸಿ ಕುಗ್ಗಿಸಿದಾಗ, ಮೊದಲು ಎಷ್ಟು ಹುಡುಕಿದರೂ ಸಿಗದ ಜೋಡಿಗಳು ಸಿಗುತ್ತವೆ.

ಇದಕ್ಕೆ ಬೆಲೆ ಇದೆ. ಕಳಿಸುವ ಮಷಿನ್‌ನ ಇನ್‌ಪುಟ್ ಮರೆತಾಗ ಅದು ನಾನ್-ಡಿಟರ್ಮಿನಿಸ್ಟಿಕ್ ಆಗುತ್ತದೆ, ಅಂದರೆ ಮುಂದೆ ಯಾವ ಸ್ಟೇಟ್ ಅನ್ನುವುದು ಒಂದೇ ಆಗಿ ಉಳಿಯುವುದಿಲ್ಲ. ಅದನ್ನು ಡಿಟರ್ಮಿನಿಸ್ಟಿಕ್ ಮಾಡಿದರೆ ಎನ್ ಸ್ಟೇಟ್ ಇದ್ದದ್ದು ಕೆಟ್ಟ ಸಂದರ್ಭದಲ್ಲಿ ಎರಡರ ಎನ್‌ನೆಯ ಘಾತದಷ್ಟು ಬೆಳೆಯಬಹುದು. ಅದರ ಮೇಲೆ, ಡೋಂಟ್ ಕೇರ್ ಇರುವ ಮಷಿನ್ ಅನ್ನು ಮಿನಿಮೈಸ್ ಮಾಡುವುದೇ ಬೇರೆ ಜಾತಿಯ ಸಮಸ್ಯೆ. ಎಲ್ಲವೂ ನಿಗದಿಯಾದ ಮಷಿನ್ ಸುಲಭ, ಡೋಂಟ್ ಕೇರ್ ಬಂದ ಕೂಡಲೇ ಎನ್‌ಪಿ-ಹಾರ್ಡ್ (ಯಾವಾಗಲೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಜಾತಿ). ಯಾಕೆಂದರೆ ಇಲ್ಲಿ ಒಂದು ಸ್ಟೇಟ್ ಇಬ್ಬರ ಜೊತೆ ಹೊಂದಿಕೊಳ್ಳಬಹುದು, ಆದರೆ ಆ ಇಬ್ಬರು ಒಬ್ಬರಿಗೊಬ್ಬರು ಹೊಂದಿಕೊಳ್ಳದೇ ಇರಬಹುದು. ಯಾರನ್ನು ಯಾರ ಗುಂಪಿಗೆ ಹಾಕುವುದು ಅನ್ನುವುದು ಆಯ್ಕೆಯ ಪ್ರಶ್ನೆ ಆಗಿಬಿಡುತ್ತದೆ. ಹತ್ತು ಹದಿನೈದು ಸ್ಟೇಟ್‌ನ ಕಂಟ್ರೋಲರ್‌ಗೆ ಇದರಿಂದ ಹೆದರಬೇಕಾಗಿಲ್ಲ. ಪೇಪರ್ ಮೇಲೆ ಜೋಡಿ ಪಟ್ಟಿ ಹಾಕಿಕೊಂಡೇ ಮಾಡಬಹುದು. ನಾನು ಈಗಲೂ ಹಾಗೇ ಮಾಡುತ್ತೇನೆ.

ಸ್ವಾತಂತ್ರ್ಯ ಇರುವುದು ಪಡೆಯುವ ಕಡೆಗೆ ಮಾತ್ರ ಅಲ್ಲ. ಕೇಳುವವರು ಕಿವಿ ಮುಚ್ಚಿಕೊಂಡಿರುವಾಗ ಹೇಳುವವರು ಏನು ಹೇಳಿದರೂ ನಡೆಯುತ್ತದೆ. ಅದು ಕಳಿಸುವ ಕಡೆಯ ಡೋಂಟ್ ಕೇರ್. ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಇಂಥ ಕೆಲಸದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲೇ.

ಬೇರೆ ಒಂದು ಪಡೆಯುವ ಮಷಿನ್ ತೆಗೆದುಕೊಳ್ಳಿ. ಅದಕ್ಕೆ ಎರಡೇ ಸ್ಟೇಟ್: 'ಬಿಡುವು' ಮತ್ತು 'ಕೆಲಸ'. ಬಿಡುವಿನಲ್ಲಿ ವ್ಯಾಲಿಡ್ ಬಂದರೆ 'ತಗೋ' ಔಟ್‌ಪುಟ್ 1 ಮಾಡಿ ಬೈಟ್ ಒಳಗೆ ಹಾಕಿಕೊಂಡು 'ಕೆಲಸ'ಕ್ಕೆ ಹೋಗುತ್ತದೆ. 'ಕೆಲಸ'ದಲ್ಲಿ ಒಂದು ಕ್ಲಾಕ್ ಇರುತ್ತದೆ. ಆಗ ವ್ಯಾಲಿಡ್ ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ ಮತ್ತೆ ಬಿಡುವು. ಕಳಿಸುವ ಮಷಿನ್ ಮೊದಲಿನದೇ: ವಿರಾಮ, ಕಳಿಸು, ತಡೆ.

ಒಬ್ಬ ಎಂಜಿನಿಯರ್ ಕಳಿಸುವ ಕಡೆ ಕೂತಿದ್ದಾರೆ. ಅವರು ಹೀಗೆ ಯೋಚಿಸುತ್ತಾರೆ: ನನ್ನ 'ತಡೆ' ಸ್ಟೇಟ್‌ನಲ್ಲಿ ಆ ಕಡೆಯವರು 'ಕೆಲಸ'ದಲ್ಲಿ ಇರುತ್ತಾರೆ, ವ್ಯಾಲಿಡ್ ನೋಡುವುದಿಲ್ಲ. ಹಾಗಾದರೆ 'ತಡೆ'ಯಲ್ಲೂ ವ್ಯಾಲಿಡ್ 1 ಇರಲಿ. ವಿರಾಮಕ್ಕೆ 00, ಕಳಿಸುಗೆ 01, ತಡೆಗೆ 11 ಎಂದು ಕೋಡ್ ಕೊಟ್ಟರೆ, ಮೊದಲು ವ್ಯಾಲಿಡ್‌ಗೆ ಒಂದು ಆಂಡ್ ಗೇಟ್ ಬೇಕಿತ್ತು. ಈಗ ಕೆಳಗಿನ ಬಿಟ್ ಅನ್ನೇ ನೇರ ತಂತಿಯಾಗಿ ಕಳಿಸಿದರೆ ಸಾಕು. ಲೆಕ್ಕ ಪೂರ್ತಿ ಸರಿ. ಪಡೆಯುವ ಮಷಿನ್ ಹಾಗೇ ಇದ್ದರೆ ಇದು ಚೆನ್ನಾಗಿ ನಡೆಯುತ್ತದೆ.

ಅದೇ ಹೊತ್ತಿಗೆ ಇನ್ನೊಬ್ಬರು ಪಡೆಯುವ ಕಡೆ ಕೂತು ಹೀಗೆ ಯೋಚಿಸುತ್ತಾರೆ: ಕಳಿಸುವವರು ಬೆನ್ನು ಬೆನ್ನಿಗೆ ಎರಡು 1 ಕೊಡುವುದೇ ಇಲ್ಲ. ನನ್ನ 'ಕೆಲಸ' ಸ್ಟೇಟ್‌ನಲ್ಲಿ ವ್ಯಾಲಿಡ್ 1 ಡೋಂಟ್ ಕೇರ್. ಹಾಗಾದರೆ 'ಕೆಲಸ' ಮತ್ತು 'ಬಿಡುವು' ಕೂಡುತ್ತವೆ. ಒಂದೇ ಸ್ಟೇಟ್, ಅಂದರೆ ಸ್ಟೇಟ್ ಮಷಿನ್ ಬೇಡವೇ ಬೇಡ. 'ತಗೋ' ಅಂದರೆ ವ್ಯಾಲಿಡ್, ಒಂದು ತಂತಿ. ಈ ಲೆಕ್ಕವೂ ಪೂರ್ತಿ ಸರಿ.

ಎರಡನ್ನೂ ಒಟ್ಟಿಗೆ ಹಾಕಿ ನೋಡಿ. ಕಳಿಸುವವರು ಒಂದು ಬೈಟ್‌ಗೆ ಎರಡು ಕ್ಲಾಕ್ ವ್ಯಾಲಿಡ್ ಎತ್ತುತ್ತಾರೆ. ಪಡೆಯುವವರು ಎರಡು ಸಲ 'ತಗೋ' ಅನ್ನುತ್ತಾರೆ. ಪ್ರತಿ ಬೈಟ್ ಎರಡೆರಡು ಸಲ ಒಳಗೆ ಹೋಗುತ್ತದೆ. ಇಬ್ಬರೂ ತಪ್ಪು ಮಾಡಿಲ್ಲ. ಆದರೆ ಇಬ್ಬರೂ ಒಂದೇ ಸ್ವಾತಂತ್ರ್ಯವನ್ನು ಎರಡು ಕಡೆಯಿಂದ ಖರ್ಚು ಮಾಡಿದರು. 'ನೀನು ಹೇಳುವುದಿಲ್ಲ, ಅದಕ್ಕೆ ನಾನು ಕಿವಿ ಮುಚ್ಚಿಕೊಳ್ಳುವುದಿಲ್ಲ' ಅಂತ ಒಬ್ಬರು. 'ನೀನು ಕೇಳಿಸಿಕೊಳ್ಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ' ಅಂತ ಇನ್ನೊಬ್ಬರು. ಎರಡೂ ಒಟ್ಟಿಗೆ ನಡೆಯಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾಗಿ ಒಂದು ಸಲಕ್ಕೆ ಒಂದೇ ಮಷಿನ್ ಮುಟ್ಟಿ. ಮುಟ್ಟಿದ ಮೇಲೆ ಹಳೆಯ ಡೋಂಟ್ ಕೇರ್ ಪಟ್ಟಿಯನ್ನು ಹರಿದು ಹಾಕಿ, ಹೊಸ ಜೋಡಿಯಿಂದ ಮತ್ತೆ ಲೆಕ್ಕ ಹಾಕಿ. ಮೊದಲು ಯಾವುದನ್ನು ಮುಟ್ಟುವುದು ಅನ್ನುವುದರ ಮೇಲೆ ಫಲಿತಾಂಶ ಬೇರೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಪಡೆಯುವ ಕಡೆ ಮೊದಲು ಹೋದರೆ ಒಂದು ಫ್ಲಿಪ್-ಫ್ಲಾಪ್ ಮತ್ತು ಅದರ ಲಾಜಿಕ್ ಉಳಿಯಿತು. ಕಳಿಸುವ ಕಡೆ ಮೊದಲು ಹೋದರೆ ಬರೀ ಒಂದು ಗೇಟ್. ನಾನು ಸಾಮಾನ್ಯವಾಗಿ ಸ್ಟೇಟ್ ಜಾಸ್ತಿ ಇರುವ ಮಷಿನ್‌ನಿಂದ ಶುರು ಮಾಡುತ್ತೇನೆ. ಎರಡೂ ಕ್ರಮದಲ್ಲಿ ಮಾಡಿ ನೋಡಲು ಹೊತ್ತಿದ್ದರೆ ಇನ್ನೂ ಒಳ್ಳೆಯದು.

ಎರಡೂ ಕಡೆಯಿಂದ ಮಾತಿದ್ದರೆ, ಅಂದರೆ ಪಡೆಯುವ ಕಡೆಯಿಂದ 'ರೆಡಿ' ಅಂತ ಒಂದು ತಂತಿ ವಾಪಸ್ ಬರುತ್ತಿದ್ದರೆ, ಲೆಕ್ಕ ಸ್ವಲ್ಪ ಕಷ್ಟ. ಈ ಮಷಿನ್ ಏನು ಹೇಳುತ್ತದೆ ಅನ್ನುವುದು ಆ ಮಷಿನ್ ಏನು ಹೇಳಿತು ಅನ್ನುವುದರ ಮೇಲೆ ನಿಂತಿರುತ್ತದೆ. ಒಂದು ಮಷಿನ್‌ಗೆ ಇರುವ ಪೂರ್ತಿ ಸ್ವಾತಂತ್ರ್ಯವನ್ನು ಹಿಡಿದಿಡುವ ವಿಧಾನವನ್ನು ವತಾನಬೆ ಮತ್ತು ಬ್ರೇಟನ್ 1993ರಲ್ಲಿ ಕೊಟ್ಟರು. ಆದರೆ ನಿತ್ಯದ ಕೆಲಸಕ್ಕೆ ಇನ್ನೂ ಸುಲಭದ ದಾರಿ ಇದೆ. ವಾಪಸ್ ಬರುವ ತಂತಿಯ ಮೇಲೆ ಯಾವಾಗ ಏನು ಬೇಕಾದರೂ ಬರಬಹುದು ಎಂದು ಅಂದುಕೊಂಡು ಲೆಕ್ಕ ಹಾಕಿ. ನಿಜಕ್ಕಿಂತ ಜಾಸ್ತಿ ಸಾಲುಗಳು ಬರಬಹುದು ಎಂದು ನಂಬಿದ ಹಾಗಾಯಿತು. ಕೆಲವು ಡೋಂಟ್ ಕೇರ್ ಕೈ ತಪ್ಪುತ್ತವೆ, ಆದರೆ ಸಿಕ್ಕವೆಲ್ಲ ಗಟ್ಟಿ. ಆ ಕಡೆ ವಾಲಿದರೆ ಯಾವತ್ತೂ ಮೋಸ ಇಲ್ಲ.

ಈಗ ನಿಮ್ಮ ಜೊತೆಯವರ ಸಲಹೆಗೆ ಬರೋಣ. ಸೇರಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ನಾನು ಒಂದೇ ಒಂದು ಲೆಕ್ಕ ನೋಡುತ್ತೇನೆ: ಎರಡೂ ಮಷಿನ್‌ಗಳು ಸೇರಿ ಎಷ್ಟು ಜೋಡಿ ಸ್ಟೇಟ್‌ಗಳಿಗೆ ನಿಜವಾಗಿ ತಲುಪಬಲ್ಲವು? ನಿಮ್ಮ ಮೂಲ ಡಿಸೈನ್‌ನಲ್ಲಿ ಮೂರು ಗುಣಿಸು ಐದು, ಹದಿನೈದು ಜೋಡಿ ಕಾಗದದ ಮೇಲಿವೆ. ರೀಸೆಟ್‌ನಿಂದ ಹೊರಟು ಬೆರಳಿಟ್ಟು ಎಣಿಸಿ. ವಿರಾಮ-ಖಾಲಿ, ಕಳಿಸು-ಖಾಲಿ, ತಡೆ-ಮೊದಲ್ದು ಬಂತು, ವಿರಾಮ-ಅರ್ಧ, ಕಳಿಸು-ಅರ್ಧ, ತಡೆ-ಎರಡನೇದು ಬಂತು. ಇಷ್ಟೇ, ಆರು. ಹದಿನೈದರಲ್ಲಿ ಒಂಬತ್ತಕ್ಕೆ ಯಾರೂ ಹೋಗುವುದೇ ಇಲ್ಲ. ಅಷ್ಟು ಸಡಿಲು ಇದೆ ಅಂದರೆ ಒಬ್ಬರು ಇನ್ನೊಬ್ಬರಿಗೆ ಗೊತ್ತಿರುವುದನ್ನೇ ಮತ್ತೆ ನೆನಪಿಟ್ಟುಕೊಳ್ಳುತ್ತಿದ್ದಾರೆ ಎಂದು ಅರ್ಥ. ನಿಮ್ಮ ಪಡೆಯುವ ಮಷಿನ್ 'ಈಗಷ್ಟೇ ಬೈಟ್ ಬಂತು' ಎಂದು ನೆನಪಿಡುತ್ತಿತ್ತು. ಕಳಿಸುವ ಮಷಿನ್ 'ತಡೆ'ಯಲ್ಲಿ ಕೂತು ಅದನ್ನೇ ನೆನಪಿಡುತ್ತಿತ್ತು.

ಚಿಕ್ಕದು ಮಾಡಿದ ಮೇಲೆ ಮೂರು ಗುಣಿಸು ಎರಡು, ಆರು ಜೋಡಿ. ತಲುಪುವುದೂ ಆರೇ. ಸಡಿಲು ಪೂರ್ತಿ ಹೋಯಿತು. ಈಗ ಇಬ್ಬರೂ ಬೇರೆ ಬೇರೆ ವಿಷಯ ನೆನಪಿಡುತ್ತಿದ್ದಾರೆ. ಸೇರಿಸಿ ಒಂದೇ ಮಷಿನ್ ಮಾಡಿದರೆ ಆರು ಸ್ಟೇಟ್, ಮೂರು ಫ್ಲಿಪ್-ಫ್ಲಾಪ್. ಬೇರೆ ಇಟ್ಟರೂ ಎರಡು ಕೂಡಿಸು ಒಂದು, ಮೂರು ಫ್ಲಿಪ್-ಫ್ಲಾಪ್. ಸೇರಿಸಿ ಏನೂ ಸಿಗುವುದಿಲ್ಲ. ಬದಲಿಗೆ ಓದಲು, ತಿದ್ದಲು, ಟೆಸ್ಟ್ ಮಾಡಲು ಕಷ್ಟವಾಗುವ ಒಂದು ಗಂಟು ಸಿಗುತ್ತದೆ. ಒನ್-ಹಾಟ್ ಕೋಡ್ (ಒಂದೊಂದು ಸ್ಟೇಟ್‌ಗೆ ಒಂದೊಂದು ಫ್ಲಿಪ್-ಫ್ಲಾಪ್) ಬಳಸಿದರಂತೂ ಸೇರಿಸಿದ್ದಕ್ಕೆ ಆರು, ಬೇರೆ ಇಟ್ಟಿದ್ದರೆ ಮೂರು ಕೂಡಿಸು ಎರಡು, ಐದೇ. ಎರಡು ಮಷಿನ್‌ಗಳು ಹೆಜ್ಜೆ ಹೆಜ್ಜೆಗೂ ಒಟ್ಟಿಗೇ ನಡೆಯುತ್ತಿದ್ದು, ತಲುಪುವ ಜೋಡಿಗಳು ಎರಡರಲ್ಲಿ ದೊಡ್ಡದರ ಸ್ಟೇಟ್‌ಗಳಷ್ಟೇ ಇದ್ದರೆ ಮಾತ್ರ ನಾನು ಸೇರಿಸುತ್ತೇನೆ.

ಮಷಿನ್‌ಗಳು ಎರಡರ ಬದಲು ಹತ್ತಾದರೆ ಬೆರಳೆಣಿಕೆ ನಡೆಯುವುದಿಲ್ಲ. ಹತ್ತು ಸ್ಟೇಟ್‌ನ ಹತ್ತು ಮಷಿನ್ ಅಂದರೆ ಕಾಗದದ ಮೇಲೆ 1,000 ಕೋಟಿ ಜೋಡಿಕೆಗಳು. ಬ್ರಯಂಟ್ 1986ರಲ್ಲಿ ಬಿಡಿಡಿಗಳನ್ನು (ಲಾಜಿಕ್ ಸೂತ್ರವನ್ನು ಅಡಕವಾಗಿ ಹಿಡಿದಿಡುವ ಚಿತ್ರಗಳನ್ನು) ಲೆಕ್ಕಕ್ಕೆ ಬಳಸುವ ಒಳ್ಳೆಯ ದಾರಿ ಕೊಟ್ಟ ಮೇಲೆ ಇಷ್ಟು ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸದೆ, ಒಂದು ಸೂತ್ರವಾಗಿ ಹಿಡಿದು ತಲುಪುವ ಸ್ಟೇಟ್ ಹುಡುಕಲು ಸಾಧ್ಯವಾಯಿತು. ಇವತ್ತಿನ ಫಾರ್ಮಲ್ ಟೂಲ್‌ಗಳು (ಡಿಸೈನ್ ಸರಿ ಎಂದು ಗಣಿತದಿಂದ ಸಾಬೀತು ಮಾಡುವಂಥವು) ಇದನ್ನೂ, ಸೂತ್ರವೊಂದು ನಿಜವಾಗಬಲ್ಲದೇ ಎಂದು ಹುಡುಕುವ ಸ್ಯಾಟ್ ಸಾಲ್ವರ್‌ಗಳನ್ನೂ ಬಳಸುತ್ತವೆ. ನೀವು ಮಾಡಬೇಕಾದ್ದು ಎಲ್ಲವನ್ನೂ ಒಟ್ಟಿಗೆ ಹಾಕುವುದಲ್ಲ. ನೇರವಾಗಿ ಮಾತಾಡುವ ಎರಡೆರಡು ಮಷಿನ್‌ಗಳನ್ನು ಮಾತ್ರ ತೆಗೆದುಕೊಳ್ಳಿ, ಉಳಿದವರು ಏನು ಬೇಕಾದರೂ ಹೇಳಬಹುದು ಎಂದು ಬಿಡಿ. ಮೇಲೆ ಹೇಳಿದ ಅದೇ ಸುರಕ್ಷಿತ ಕಡೆಗಿನ ವಾಲಿಕೆ.

ಸಿಂಥೆಸಿಸ್ ಟೂಲ್ (ಬರೆದ ಡಿಸೈನ್ ಅನ್ನು ಗೇಟ್‌ಗಳಾಗಿ ಮಾಡುವ ಸಾಫ್ಟ್‌ವೇರ್) ಇದನ್ನೆಲ್ಲ ತಾನೇ ಮಾಡಬಾರದೇ ಎಂದು ನೀವು ಕೇಳಬಹುದು. ಅದು ಒಂದೊಂದು ಮಷಿನ್ ಅನ್ನು ಗುರುತು ಹಿಡಿದು ಕೋಡ್ ಬದಲಿಸುತ್ತದೆ, ತಲುಪದ ಸ್ಟೇಟ್ ತೆಗೆಯುತ್ತದೆ. ಹೈರಾರ್ಕಿ (ಬ್ಲಾಕ್‌ಗಳ ನಡುವಿನ ಗೋಡೆ) ಒಡೆದು ಹಾಕಿದರೆ ಎರಡರ ನಡುವಿನ ಗೇಟ್‌ಗಳನ್ನೂ ಕರಗಿಸುತ್ತದೆ. ಆದರೆ ಸಾಮಾನ್ಯವಾಗಿ ಅದು ಫ್ಲಿಪ್-ಫ್ಲಾಪ್‌ಗಳನ್ನು ಗಡಿ ಎಂದು ಇಟ್ಟುಕೊಂಡು, ಒಂದು ಕ್ಲಾಕ್‌ನ ಒಳಗಿನ ಲಾಜಿಕ್ ಅನ್ನು ಮಾತ್ರ ನೋಡುತ್ತದೆ. 'ಹೋದ ಕ್ಲಾಕ್‌ನಲ್ಲಿ 1 ಬಂದಿತ್ತು, ಈಗ ಮತ್ತೆ ಬರುವುದಿಲ್ಲ' ಅನ್ನುವ ಮಾತು ಎರಡು ಕ್ಲಾಕ್‌ಗಳ ಮೇಲೆ ಹರಡಿದೆ. ಅದು ಟೂಲ್‌ಗೆ ಕಾಣುವುದಿಲ್ಲ. ನಿಮಗೆ ಕಾಣುತ್ತದೆ, ಯಾಕೆಂದರೆ ಪ್ರೋಟೋಕಾಲ್ ಬರೆದವರು ನೀವು.

ಸ್ಟೇಟ್ ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ. ಬೈನರಿ ಕೋಡ್‌ನಲ್ಲಿ ಒಂಬತ್ತು ಸ್ಟೇಟ್ ಎಂಟಾದರೆ ಒಂದು ಫ್ಲಿಪ್-ಫ್ಲಾಪ್ ಉಳಿಯುತ್ತದೆ. ಎಂಟು ಆರಾದರೆ ಒಂದೂ ಉಳಿಯುವುದಿಲ್ಲ, ಬಳಸದ ಎರಡು ಕೋಡ್‌ಗಳು ಮಾತ್ರ ಸಿಗುತ್ತವೆ. ಕೆಲವು ಸಲ ಸ್ಟೇಟ್ ಕಡಿಮೆಯಾಗಿ ಲಾಜಿಕ್ ಜಾಸ್ತಿಯಾಗುವುದೂ ಉಂಟು. ಡೋಂಟ್ ಕೇರ್ ಅನ್ನು ಸ್ಟೇಟ್ ಕೂಡಿಸಲು ಖರ್ಚು ಮಾಡಬೇಕೋ, ಅಥವಾ ಹಾಗೇ ಲಾಜಿಕ್ ಮಿನಿಮೈಸರ್‌ಗೆ ಕೊಡಬೇಕೋ ಅನ್ನುವುದನ್ನು ಎರಡೂ ಮಾಡಿ ಗೇಟ್ ಎಣಿಸಿಯೇ ತೀರ್ಮಾನಿಸಿ.

'ತಪ್ಪು' ಸ್ಟೇಟ್ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಅದನ್ನು ಯಾಕೆ ಹಾಕಿದ್ದೀರಿ? ಕಳಿಸುವವರ ಡಿಸೈನ್ ತಪ್ಪಿದ್ದರೆ ಹಿಡಿಯಲು ಹಾಕಿದ್ದರೆ ಅದು ಸಿಮ್ಯುಲೇಷನ್‌ನ ಕೆಲಸ, ಅಸರ್ಷನ್ (ಮುರಿದರೆ ಟೂಲ್ ಕೂಗುವಂಥ ನಿಯಮ) ಬರೆದು ಹಾರ್ಡ್‌ವೇರ್‌ನಿಂದ ತೆಗೆಯಿರಿ. ಆದರೆ ವಿಕಿರಣದಿಂದಲೋ ಬೇರೆ ಗದ್ದಲದಿಂದಲೋ ಫ್ಲಿಪ್-ಫ್ಲಾಪ್ ತನ್ನಷ್ಟಕ್ಕೆ ತಿರುಗಿದರೆ ಹಿಡಿಯಲು ಹಾಕಿದ್ದರೆ, ದಯವಿಟ್ಟು ಮುಟ್ಟಬೇಡಿ. ಗಣಿತ 'ತಲುಪುವುದಿಲ್ಲ' ಅನ್ನುವುದು ಎಲ್ಲ ಸರಿಯಿರುವ ಜಗತ್ತಿನಲ್ಲಿ. ನೀವು ಕಾವಲು ಹಾಕಿದ್ದು ಸರಿಯಿಲ್ಲದ ದಿನಕ್ಕೆ. ಅಂಥ ಕಡೆ ಟೂಲ್ ಕೂಡ ಅದನ್ನು ತೆಗೆಯದ ಹಾಗೆ ಸೇಫ್ ಸ್ಟೇಟ್ ಮಷಿನ್ ಆಯ್ಕೆ ಹಾಕಿಡಿ.

ಎರಡು ಮಷಿನ್‌ಗಳಿಗೆ ಬೇರೆ ಬೇರೆ ಕ್ಲಾಕ್ ಇದ್ದರೆ ಈ ಇಡೀ ಉತ್ತರವನ್ನು ಪಕ್ಕಕ್ಕಿಡಿ. ಒಂದು ಕ್ಲಾಕ್‌ನಲ್ಲಿ 'ಬೆನ್ನು ಬೆನ್ನಿಗೆ ಎರಡು 1 ಇಲ್ಲ' ಅನ್ನುವುದು ಇನ್ನೊಂದು ಕ್ಲಾಕ್‌ನಿಂದ ನೋಡಿದಾಗ ಸುಳ್ಳು. ನಿಧಾನದ ಕಡೆಯ ಒಂದು 1 ವೇಗದ ಕಡೆಗೆ ನಾಲ್ಕು 1ರ ಹಾಗೆ ಕಾಣಬಹುದು. ಅಲ್ಲಿ ನಂಬಬಹುದಾದ್ದು ಹ್ಯಾಂಡ್‌ಶೇಕ್‌ನ ಕ್ರಮವನ್ನು ಮಾತ್ರ, ಎಣಿಕೆಯನ್ನಲ್ಲ. ರೀಸೆಟ್ ಕೂಡ ಇದೇ ರೀತಿ ಕಾಡುತ್ತದೆ. ಕಳಿಸುವವರು ಕೆಲವು ಕ್ಲಾಕ್ ಮೊದಲೇ ರೀಸೆಟ್‌ನಿಂದ ಹೊರಬಂದರೆ ಮೊದಲ ವ್ಯಾಲಿಡ್ ಯಾರಿಗೂ ಕೇಳಿಸದೇ ಹೋಗಬಹುದು, ಆಗ ನೀವು ಎಣಿಸಿದ ಆರು ಜೋಡಿ ಆರಾಗಿ ಉಳಿಯುವುದಿಲ್ಲ. ಎರಡಕ್ಕೂ ಒಂದೇ ರೀಸೆಟ್, ಒಂದೇ ಕ್ಲಾಕ್ ಅಂಚಿನಲ್ಲಿ ಬಿಡಿ.

ನನ್ನ ಒಂದು ಅನುಭವ ಹೇಳುತ್ತೇನೆ. ಹಿಂದೊಮ್ಮೆ ಹೀಗೇ ಒಂದು ಪಡೆಯುವ ಮಷಿನ್ ಅನ್ನು ಚಿಕ್ಕದು ಮಾಡಿ ಕೊಟ್ಟಿದ್ದೆ. ಯಾಕೆ ಚಿಕ್ಕದಾಯಿತು ಅಂತ ಎಲ್ಲೂ ಬರೆದಿರಲಿಲ್ಲ. ಮುಂದಿನ ಪ್ರಾಜೆಕ್ಟ್‌ನಲ್ಲಿ ಬೇರೊಬ್ಬರು ಆ ಬ್ಲಾಕ್ ಹಾಗೇ ಎತ್ತಿಕೊಂಡು, ಬಿಡುವಿಲ್ಲದೆ ಬೈಟ್ ಕಳಿಸುವ ಇನ್ನೊಂದು ಮಷಿನ್‌ಗೆ ಜೋಡಿಸಿದರು. ಟೆಸ್ಟ್‌ಗಳಲ್ಲಿ ಬೈಟ್‌ಗಳು ದೂರ ದೂರ ಬರುತ್ತಿದ್ದವು, ಎಲ್ಲ ಪಾಸ್. ಬೋರ್ಡ್ ಮೇಲೆ ಲೋಡ್ ಏರಿದಾಗ ಮಾತ್ರ ಡೇಟಾ ಕೆಡುತ್ತಿತ್ತು. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ತಪ್ಪು ನನ್ನದೇ. ಆವತ್ತಿನಿಂದ ನಾನು ಖರ್ಚು ಮಾಡಿದ ಪ್ರತಿ ಡೋಂಟ್ ಕೇರ್ ಅನ್ನೂ ಪಡೆಯುವ ಮಷಿನ್‌ನ ಬಾಗಿಲಲ್ಲೇ ಒಂದು ಅಸರ್ಷನ್ ಆಗಿ ಬರೆದಿಡುತ್ತೇನೆ: ವ್ಯಾಲಿಡ್ 1 ಆದ ಮುಂದಿನ ಕ್ಲಾಕ್‌ನಲ್ಲಿ ವ್ಯಾಲಿಡ್ 0 ಇರಲೇಬೇಕು. ಅದು ಇದ್ದಿದ್ದರೆ ಬ್ಲಾಕ್ ಎತ್ತಿಕೊಂಡವರ ಕಣ್ಣಿಗೆ ಈ ಕಟ್ಟುಪಾಡು ಮೊದಲ ದಿನವೇ ಬೀಳುತ್ತಿತ್ತು.

ಚಿಕ್ಕದು ಮಾಡಿದ್ದನ್ನು ಪರೀಕ್ಷಿಸುವಾಗಲೂ ಆ ಅಸರ್ಷನ್ ಕೆಲಸಕ್ಕೆ ಬರುತ್ತದೆ. ಹಳೆಯ ಪಡೆಯುವ ಮಷಿನ್ ಮತ್ತು ಹೊಸದು, ಇವೆರಡನ್ನು ಮಾತ್ರ ಹೋಲಿಸಿದರೆ ಈಕ್ವಿವಲೆನ್ಸ್ ಟೂಲ್ ತಕ್ಷಣ 'ಬೇರೆ ಬೇರೆ' ಅನ್ನುತ್ತದೆ, ಎರಡು 1 ಕೊಟ್ಟು ತೋರಿಸುತ್ತದೆ. ಅದು ನಿಜವೇ. ಆ ಸಾಲನ್ನು 'ಬರುವುದಿಲ್ಲ' ಎಂದು ಅಸ್ಯೂಮ್ ಮಾಡಿ ಹೋಲಿಸಿ. ಕಳಿಸುವ ಮಷಿನ್ ಮೇಲೆ ಅದೇ ಮಾತನ್ನು ಸಾಬೀತು ಮಾಡಿಸಿ. ಎರಡೂ ಪಾಸಾದರೆ ಜೋಡಿಯಾಗಿಯೂ ಸರಿ.

ಇನ್ನು ಕ್ಲಾಕ್ ವೇಗ. ಕಳಿಸುವ ಕಡೆಯ ವ್ಯಾಲಿಡ್ ಪಡೆಯುವ ಕಡೆಯ ಲಾಜಿಕ್ ಹಾದು, 'ರೆಡಿ' ಆಗಿ, ವಾಪಸ್ ಕಳಿಸುವ ಕಡೆಯ ಮುಂದಿನ ಸ್ಟೇಟ್‌ನ ಲಾಜಿಕ್‌ಗೆ ಹೋಗುತ್ತಿದೆ ಎಂದು ನನ್ನ ಊಹೆ. ಪಡೆಯುವ ಕಡೆಯ ರೆಡಿ ಮೀಲಿ ಔಟ್‌ಪುಟ್ (ಅದೇ ಕ್ಲಾಕ್‌ನ ಇನ್‌ಪುಟ್ ನೋಡಿ ಬದಲಾಗುವುದು) ಆಗಿದ್ದರೆ ಆಗುವುದು ಹೀಗೇ. ಮುಂದೆ ಯಾರಾದರೂ ರೆಡಿ ನೋಡಿ ವ್ಯಾಲಿಡ್ ಎತ್ತುವ ಹಾಗೆ ತಿದ್ದಿದರೆ ಕಾಂಬಿನೇಷನಲ್ ಲೂಪ್ (ನಡುವೆ ಫ್ಲಿಪ್-ಫ್ಲಾಪ್ ಇಲ್ಲದ ಸುತ್ತು) ಆಗಿಯೇಬಿಡುತ್ತದೆ. ಗಡಿ ದಾಟುವ ತಂತಿಗಳಲ್ಲಿ ಒಂದನ್ನಾದರೂ ಫ್ಲಿಪ್-ಫ್ಲಾಪ್‌ನಿಂದ ನೇರ ಹೊರಡುವ ಹಾಗೆ ಮಾಡಿ. ನಿಮ್ಮ ವ್ಯಾಲಿಡ್ 'ಕಳಿಸು' ಸ್ಟೇಟ್‌ನಲ್ಲಿ ಮಾತ್ರ 1. ಹಾಗಾಗಿ ವಿರಾಮಕ್ಕೆ 00, ಕಳಿಸುಗೆ 01, ತಡೆಗೆ 10 ಎಂದು ಕೋಡ್ ಕೊಟ್ಟರೆ ಕೆಳಗಿನ ಬಿಟ್ಟೇ ವ್ಯಾಲಿಡ್. ಹೊಸ ಫ್ಲಿಪ್-ಫ್ಲಾಪ್ ಬೇಡ, ಗೇಟ್ ಬೇಡ, ತಡ ಇಲ್ಲ, ನಡವಳಿಕೆಯೂ ಬದಲಾಗುವುದಿಲ್ಲ. ಮೊದಲು ಇದನ್ನು ಮಾಡಿ ಟೈಮಿಂಗ್ ನೋಡಿ.

ಅದು ಸಾಲದೇ ಹೋದರೆ ರೆಡಿ ತಂತಿಗೆ ಒಂದು ಫ್ಲಿಪ್-ಫ್ಲಾಪ್ ಹಾಕಿ. ಆಗ 'ನಿಲ್ಲು' ಅನ್ನುವ ಸುದ್ದಿ ಕಳಿಸುವವರಿಗೆ ಒಂದು ಕ್ಲಾಕ್ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಒಂದು ಬೈಟ್ ಹೊರಟಿರಬಹುದು. ಅದನ್ನು ಹಿಡಿದಿಡಲು ಪಡೆಯುವ ಕಡೆ ಒಂದು ಬೈಟ್‌ನ ಸ್ಕಿಡ್ ಬಫರ್ ಬೇಕು. ಇಷ್ಟು ಮಾಡಿದ ಮೇಲೂ ನೀವು ಎರಡು ಸ್ಟೇಟ್‌ಗೆ ಇಳಿಸಿದ ಲೆಕ್ಕ ಕೆಡುವುದಿಲ್ಲ. ಯಾಕೆಂದರೆ 'ಎರಡು 1 ಇಲ್ಲ' ಅನ್ನುವುದು ಕಳಿಸುವ ಮಷಿನ್‌ನ 'ತಡೆ'ಯಿಂದ ಬಂದದ್ದು, ರೆಡಿ ಯಾವಾಗ ಮುಟ್ಟಿತು ಅನ್ನುವುದರಿಂದ ಅಲ್ಲ. ಒಂದೇ ಒಂದು ಕಡೆ ಕಣ್ಣಿಡಿ: ಸ್ಕಿಡ್ ಬಫರ್‌ನಲ್ಲಿ ಕೂತ ಬೈಟ್ ಹೊರಬರುವ ಕ್ಲಾಕ್ ಮತ್ತು ಹೊಸ ಬೈಟ್ ಬರುವ ಕ್ಲಾಕ್ ಅಕ್ಕಪಕ್ಕ ಬಿದ್ದರೆ, ಬಫರ್ ಆಚೆ ನಿಂತಿರುವ ನಿಮ್ಮ ಎರಡು ಸ್ಟೇಟ್‌ನ ಮಷಿನ್ ಬೆನ್ನು ಬೆನ್ನಿಗೆ ಎರಡು 1 ನೋಡುತ್ತದೆ. ನಿಮ್ಮ ಟಾಗಲ್ ಅದನ್ನೂ ಎರಡು ಬೈಟ್ ಎಂದು ಸರಿಯಾಗಿಯೇ ಎಣಿಸುತ್ತದೆ. ಆದರೆ ಅಸರ್ಷನ್ ಕೂಗುತ್ತದೆ. ಕೂಗಲಿ, ಅದನ್ನು ಬಫರ್‌ನ ಆಚೆಯಿಂದ ಈಚೆಗೆ, ಅಂದರೆ ಕಳಿಸುವ ಕಡೆಗೆ, ಎಳೆಯುವ ಮೊದಲು ತಲುಪುವ ಜೋಡಿಗಳನ್ನು ಇನ್ನೊಂದು ಸಲ ಎಣಿಸಿ.